ಏಳು ತಂತಿಯ ನಾದಯೋಗಿ: ತಿರುಮಕೂಡಲು ಚೌಡಯ್ಯನವರು

ನಂಜನಗೂಡಿನಲ್ಲಿ ಶ್ರೀಕಂಠೇಶ್ವರ ದೇವಾಲಯದ ಸೋಪಾನಗಳನ್ನು ತೊಳೆದು ಹರಿಯುವ ಕಪಿಲಾ ನದಿಯು ಮುಂದೆ ಸಾಗಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಒಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿಯ ಗುಡಿ, ಸಂಗಮದ ಆಚೆ ಅಗಸ್ತ್ಯೇಶ್ವರನ ಗುಡಿ, ಸುತ್ತಲೂ ನೀರುಂಡು ಹಸಿರಾದ ಗದ್ದೆಗಳು. ಕಣ್ಣಿಗೆ ಕಾಣುವ ನದಿಗಳು ಎರಡಾದರೂ, ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಇಲ್ಲಿ ಬಂದು ಕೂಡುತ್ತದೆಂಬುದು ಜನರ ನಂಬಿಕೆ. ಆದುದರಿಂದಲೇ ಈ ಕ್ಷೇತ್ರಕ್ಕೆ ತ್ರಿಮಕೂಟವೆಂಬ ಹೆಸರು. ಈ ನೀರಿನ ನೆಲದಲ್ಲಿ ಹುಟ್ಟಿ, ದಕ್ಷಿಣ ಭಾರತದ ಉದ್ದಗಲಕ್ಕೂ ತನ್ನ ಊರಿನ ಹೆಸರನ್ನು ಕೊಂಡೊಯ್ದ ಮಹನೀಯರೊಬ್ಬರ ಜೀವನವನ್ನು ನಮ್ಮ ದೇವಾಲಯದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ನೆನೆಯುವುದು ನಮಗೆ ಸಂತೋಷದ ಕರ್ತವ್ಯವಾಗಿದೆ. ಅವರೇ ಪಿಟೀಲು ವಿದ್ವಾನ್ ಟಿ. ಚೌಡಯ್ಯನವರು. ಅವರ ಹೆಸರಿನ ಮುಂದಿರುವ ಆ ಒಂದಕ್ಷರ ತಿರುಮಕೂಡಲನ್ನು ಸೂಚಿಸುತ್ತದೆ.

ಕ್ರೈಸ್ತ ದೇವಾಲಯವೊಂದರ ಸಂಚಿಕೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರ ಚರಿತ್ರೆ ಏಕೆಂದು ಯಾರಾದರೂ ಕೇಳಬಹುದು. ನಾವು ಕುಡಿಯುವ ನೀರು, ಉಣ್ಣುವ ಅನ್ನ, ಆಡುವ ಮಾತು ಇವೆಲ್ಲವೂ ಈ ನೆಲದವು. ಈ ನೆಲದ ಹಿರಿಯರು ನಮಗೂ ಹಿರಿಯರೇ. ಅಲ್ಲದೆ ಚೌಡಯ್ಯನವರು ಎದೆಗವಚಿಕೊಂಡು ನುಡಿಸಿದ ವಾದ್ಯವು ನಮ್ಮ ಗಾನವೃಂದಗಳಿಗೆ ಅಪರಿಚಿತವಲ್ಲ. ಯೂರೋಪಿನಲ್ಲಿ ರೂಪುಗೊಂಡು, ಅಲ್ಲಿಯ ದೇವಾಲಯಗಳಲ್ಲೂ ಅರಮನೆಗಳಲ್ಲೂ ಮೊಳಗಿ, ಕಡಲು ದಾಟಿ ನಮ್ಮಲ್ಲಿಗೆ ಬಂದು, ನಮ್ಮದೇ ಆಗಿ ನಿಂತ ವಾದ್ಯ ಅದು. ಆ ವಾದ್ಯವನ್ನು ನಮ್ಮದಾಗಿಸಿದವರ ಸಾಲಿನಲ್ಲಿ ನಮ್ಮ ತಾಲ್ಲೂಕಿನ ಮಗನೊಬ್ಬನಿಗೆ ಉನ್ನತ ಸ್ಥಾನವಿದೆಯೆಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕು.

ಪಿಟೀಲು ಬಂದ ದಾರಿ

ಪಿಟೀಲು ಕರ್ನಾಟಕ ಸಂಗೀತಕ್ಕೆ ಬಂದುದು ಹೇಗೆಂಬುದನ್ನು ಮೊದಲು ಸ್ವಲ್ಪ ಅರಿಯೋಣ. ಸುಮಾರು ಇನ್ನೂರು ವರ್ಷಗಳ ಹಿಂದೆ, ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಐರೋಪ್ಯ ವಾದಕರಿಂದ ಈ ವಾದ್ಯವನ್ನು ಕಲಿತು, ನಮ್ಮ ರಾಗಗಳನ್ನು ಅದರಲ್ಲಿ ನುಡಿಸಲಾರಂಭಿಸಿದರು. ತಂಜಾವೂರಿನ ನಾಲ್ವರು ಸೋದರರಲ್ಲಿ ಒಬ್ಬರಾದ ವಡಿವೇಲು ಅವರು ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರ ಆಸ್ಥಾನದಲ್ಲಿ ಇದನ್ನು ಮೆರೆಸಿದರು. ೧೮೩೪ರಲ್ಲಿ ಮಹಾರಾಜರು ಅವರಿಗೆ ದಂತದ ಪಿಟೀಲನ್ನೇ ಬಹುಮಾನವಾಗಿ ಕೊಟ್ಟರು. ಆ ಸೋದರರಲ್ಲಿ ಹಿರಿಯರಾದ ಚಿನ್ನಯ್ಯನವರು ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದರು.

ಪಾಶ್ಚಾತ್ಯರು ಈ ವಾದ್ಯವನ್ನು ಗದ್ದದಡಿಯಲ್ಲಿ ಇರಿಸಿಕೊಂಡು, ಹಲವುವೇಳೆ ನಿಂತು ನುಡಿಸುತ್ತಾರೆ. ನಮ್ಮವರು ಚಕ್ಕಳಮಕ್ಕಳ ಹಾಕಿ ಕುಳಿತು, ವಾದ್ಯದ ತಲೆಯನ್ನು ಬಲಗಾಲಿನ ಹರಡಿನ ಮೇಲಿರಿಸಿ, ಅದರ ಬುಡವನ್ನು ಎದೆಗೂ ಭುಜಕ್ಕೂ ಆನಿಸಿ ನುಡಿಸುತ್ತಾರೆ. ಇದರಿಂದ ಎಡಗೈಗೆ ವಾದ್ಯವನ್ನು ಹೊರುವ ಕೆಲಸ ತಪ್ಪಿ, ಬೆರಳುಗಳು ತಂತಿಯ ಮೇಲೆ ಜಾರಲು ಸ್ವತಂತ್ರವಾದುವು. ನಮ್ಮ ಸಂಗೀತದ ಜೀವವಾದ ಗಮಕಗಳು ಸಾಧ್ಯವಾದುವು. ಅಲ್ಲಿ ನಾಲ್ಕು ತಂತಿಗಳಿಗೆ ನಾಲ್ಕು ಬೇರೆ ಸ್ವರಗಳ ಶ್ರುತಿ. ಇಲ್ಲಿ ಷಡ್ಜ ಪಂಚಮ, ಮತ್ತೆ ಷಡ್ಜ ಪಂಚಮ ಎಂಬ ಎರಡು ಜೋಡಿ. ಮರ ಅದೇ, ತಂತಿ ಅದೇ, ಕಮಾನು ಅದೇ. ಆದರೆ ಕುಳಿತ ಬಗೆ ಬದಲಾಯಿತು, ಶ್ರುತಿ ಬದಲಾಯಿತು, ನುಡಿದ ಮಾತು ನಮ್ಮದಾಯಿತು.

ಬಾಲ್ಯ ಮತ್ತು ಗುರುಕುಲ

ಚೌಡಯ್ಯನವರು ಹುಟ್ಟಿದ್ದು ೧೮೯೫ರಲ್ಲಿ, ತಿರುಮಕೂಡಲಿನ ಒಕ್ಕಲಿಗ ಮನೆತನವೊಂದರಲ್ಲಿ. ಉಳುಮೆ ಬಿತ್ತನೆಗಳನ್ನು ಬದುಕಾಗಿ ಉಳ್ಳ ಜನರ ನಡುವೆ ಹುಟ್ಟಿದ ಹುಡುಗನಿಗೆ ಶಾಸ್ತ್ರೀಯ ಸಂಗೀತದ ಬಾಗಿಲು ಅಂದಿನ ದಿನಗಳಲ್ಲಿ ತಾನಾಗಿ ತೆರೆಯುವಂಥದಾಗಿರಲಿಲ್ಲ. ಸಂಗೀತವು ಹೆಚ್ಚಾಗಿ ಕೆಲವು ಮನೆತನಗಳಲ್ಲಿ ತಂದೆಯಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಇಳಿದು ಬರುತ್ತಿದ್ದ ಸಂಪತ್ತು. ಅಂಥ ಆಸ್ತಿಯಿಲ್ಲದವನು ಗುರುವಿನ ಮನೆಯ ಬಾಗಿಲಲ್ಲಿ ನಿಂತು, ಸೇವೆಯಿಂದಲೂ ಸಾಧನೆಯಿಂದಲೂ ಅದನ್ನು ಸಂಪಾದಿಸಬೇಕಾಗಿತ್ತು.

೧೯೧೦ರಲ್ಲಿ, ಹದಿನೈದರ ಆಸುಪಾಸಿನ ವಯಸ್ಸಿನಲ್ಲಿ, ಚೌಡಯ್ಯನವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಮೈಸೂರು ಆಸ್ಥಾನದ ಹಿರಿಯ ಗಾಯಕರು. ಪಲ್ಲವಿ ಹಾಡುವುದರಲ್ಲಿ ಹೆಸರಾದವರು. ದಾಸವರೇಣ್ಯರ ಕನ್ನಡ ದೇವರನಾಮಗಳಿಗೆ ಕಚೇರಿಯ ವೇದಿಕೆಯಲ್ಲಿ ಗೌರವದ ಸ್ಥಾನವನ್ನು ದೊರಕಿಸಿದವರು. ಮೈಸೂರಿನಲ್ಲಿ ಅವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರವು ರಾಮೋತ್ಸವದ ಸಂಗೀತಕ್ಕೆ ಹೆಸರಾದ ತಾಣವಾಯಿತು. ಶಿಸ್ತಿನ ವಿಷಯದಲ್ಲಿ ಅವರು ಅತ್ಯಂತ ಕಠಿಣರು. ಸ್ವರ ಶುದ್ಧವಾಗಿರಬೇಕು, ಲಯ ಅಲುಗಬಾರದು, ಇವೆರಡೂ ಕೂಡಿಬರುವವರೆಗೆ ಶಿಷ್ಯನಿಗೆ ಬಿಡುವಿಲ್ಲ. ಬೆಳಗಿನ ಜಾವದಲ್ಲಿ ಎದ್ದು ಸಾಧನೆಗೆ ಕೂರುವುದು ಆ ಗುರುಕುಲದ ನಿಯಮವಾಗಿತ್ತು.

ಇಂಥ ಗುರುವಿನ ಬಳಿ ಚೌಡಯ್ಯನವರು ಸುಮಾರು ಎಂಟು ವರ್ಷಗಳ ಕಾಲ, ೧೯೧೮ರವರೆಗೆ, ಕಲಿತರು. ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದುಂಟು. ಅವರ ಗುರು ಪಿಟೀಲು ವಾದಕರಲ್ಲ, ಗಾಯಕರು. ಆದುದರಿಂದ ಚೌಡಯ್ಯನವರ ಬೆರಳುಗಳಿಗೆ ಬಂದುದು ಕಂಠದ ಪಾಠ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಸಾಹಿತ್ಯದ ಯಾವ ಅಕ್ಷರ ಎಲ್ಲಿ ಬೀಳಬೇಕು, ರಾಗದ ಯಾವ ಎಳೆಯನ್ನು ಎಷ್ಟು ಹೊತ್ತು ಹಿಡಿದಿರಬೇಕು ಎಂಬುದನ್ನೆಲ್ಲ ಅವರು ಹಾಡುಗಾರಿಕೆಯಿಂದ ಕಲಿತು ಕಮಾನಿಗೆ ಇಳಿಸಿದರು. ಗುರುವಿನ ಕಚೇರಿಗಳಿಗೆ ಪಕ್ಕವಾದ್ಯ ನುಡಿಸುತ್ತಲೇ ಅವರು ವೇದಿಕೆಗೆ ಪಳಗಿದರು. ೧೯೩೧ರಲ್ಲಿ ಕೃಷ್ಣಪ್ಪನವರು ಕಾಲವಾದ ಮೇಲೂ ಶಿಷ್ಯರ ಮನಸ್ಸಿನಲ್ಲಿ ಗುರುವಿನ ಸ್ಥಾನ ಕೊನೆಯವರೆಗೂ ಹಾಗೆಯೇ ಉಳಿಯಿತು.

ಪಕ್ಕವಾದ್ಯದ ಧರ್ಮ

ಚೌಡಯ್ಯನವರ ಹಿರಿಮೆಯನ್ನು ಅರಿಯಬೇಕಾದರೆ ಪಕ್ಕವಾದ್ಯಗಾರನ ಕೆಲಸವೇನೆಂಬುದು ತಿಳಿದಿರಬೇಕು. ಕಚೇರಿಯಲ್ಲಿ ಗಾಯಕನು ಮುಂದೆ ಕುಳಿತಿರುತ್ತಾನೆ. ಪಿಟೀಲಿನವನು ಅವನ ಪಕ್ಕದಲ್ಲಿ. ಗಾಯಕನು ರಾಗವನ್ನು ವಿಸ್ತರಿಸುವಾಗ ಪಿಟೀಲು ನೆರಳಿನಂತೆ ಹಿಂಬಾಲಿಸಬೇಕು. ಅವನು ಯಾವ ದಾರಿಯಲ್ಲಿ ಹೋಗುವನೆಂಬುದು ಮೊದಲೇ ಗೊತ್ತಿರುವುದಿಲ್ಲ. ಬರೆದಿಟ್ಟ ಸ್ವರಪತ್ರ ಮುಂದಿರುವುದಿಲ್ಲ. ಅವನು ನಿಂತಾಗ ಪಿಟೀಲು ಅದೇ ರಾಗವನ್ನು ತನ್ನದೇ ರೀತಿಯಲ್ಲಿ, ಆದರೆ ಅವನು ಬಳಸಿದ ಕಾಲವನ್ನು ಮೀರದಂತೆ, ವಿಸ್ತರಿಸಬೇಕು. ಕೃತಿ ಹಾಡುವಾಗ ಜೊತೆಯಲ್ಲಿ ನಡೆಯಬೇಕು. ಕಲ್ಪನಾ ಸ್ವರಗಳಲ್ಲಿ ಅವನು ಎಸೆದ ಲೆಕ್ಕವನ್ನು ಆ ಕ್ಷಣದಲ್ಲೇ ಹಿಡಿದು ಹಿಂದಿರುಗಿಸಬೇಕು. ಗಾಯಕನ ಉಸಿರು ತಗ್ಗಿದಲ್ಲಿ ನಾದದ ಎಳೆ ಹರಿಯದಂತೆ ಕಾಯಬೇಕು. ಇಷ್ಟೆಲ್ಲ ಮಾಡಿಯೂ ಗಾಯಕನನ್ನು ಮೀರಿಸಹೊರಟನೆಂಬ ಅಪವಾದಕ್ಕೆ ಗುರಿಯಾಗಬಾರದು. ತನ್ನ ವಿದ್ಯೆಯನ್ನೆಲ್ಲ ಇನ್ನೊಬ್ಬರ ಯಶಸ್ಸಿಗೆ ಧಾರೆಯೆರೆಯುವ ಕೆಲಸ ಇದು. ಗಾನವೃಂದವನ್ನು ನಡೆಸುವವರಿಗೆ, ಬಲಿಪೂಜೆಯಲ್ಲಿ ವಾದ್ಯ ನುಡಿಸುವವರಿಗೆ ಇದರ ಕಷ್ಟಸುಖ ತಿಳಿದೇ ಇದೆ.

ಈ ಧರ್ಮವನ್ನು ಚೌಡಯ್ಯನವರು ನಾಲ್ಕು ದಶಕಗಳಿಗೂ ಮಿಕ್ಕಿ ಪಾಲಿಸಿದರು. ಅರಿಯಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್ ಮೊದಲಾಗಿ ಆ ಕಾಲದ ಮಹಾಗಾಯಕರೆಲ್ಲರಿಗೂ ಅವರು ಪಕ್ಕವಾದ್ಯ ನುಡಿಸಿದರು. ಅದರಲ್ಲಿಯೂ ಚೆಂಬೈ ಅವರ ಗಂಭೀರವಾದ ತುಂಬುಕಂಠ, ಚೌಡಯ್ಯನವರ ಪಿಟೀಲು, ಪಾಲಘಾಟ್ ಮಣಿ ಅಯ್ಯರ್ ಅವರ ಮೃದಂಗ, ಈ ಮೂರು ಒಂದೆಡೆ ಸೇರಿದ ಕಚೇರಿಗಳು ರಸಿಕರ ನೆನಪಿನಲ್ಲಿ ಬಹುಕಾಲ ಉಳಿದುವು. ನಮ್ಮ ಊರಿನವರಾದ ನಮಗೆ ಇದೂ ಒಂದು ತ್ರಿವೇಣಿ ಸಂಗಮವೆಂದೇ ತೋರುತ್ತದೆ. ಆ ಕಾಲದ ಪಿಟೀಲು ಪ್ರಪಂಚದಲ್ಲಿ ಮೂವರು ದಿಗ್ಗಜರೆಂದು ಎಣಿಕೆ: ದ್ವಾರಂ ವೆಂಕಟಸ್ವಾಮಿ ನಾಯುಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆ ಮತ್ತು ಮೈಸೂರು ಚೌಡಯ್ಯ. ಒಬ್ಬರು ಆಂಧ್ರದವರು, ಒಬ್ಬರು ತಮಿಳು ನಾಡಿನವರು, ಒಬ್ಬರು ನಮ್ಮವರು.

ಏಳು ತಂತಿಗಳು

ಈಗ ಚೌಡಯ್ಯನವರ ಹೆಸರನ್ನು ಶಾಶ್ವತಗೊಳಿಸಿದ ಪ್ರಯೋಗಕ್ಕೆ ಬರೋಣ. ಅವರು ಕಚೇರಿಗಳನ್ನು ಆರಂಭಿಸಿದ ಕಾಲದಲ್ಲಿ ಧ್ವನಿವರ್ಧಕವಿರಲಿಲ್ಲ. ಸಂಗೀತ ಕಚೇರಿಗಳು ಅರಮನೆಯ ತೊಟ್ಟಿಗಳಿಂದ, ಶ್ರೀಮಂತರ ಹಜಾರಗಳಿಂದ ಹೊರಬಂದು ಊರ ಉತ್ಸವಗಳಿಗೆ, ಮದುವೆಯ ಚಪ್ಪರಗಳಿಗೆ, ಸಂಗೀತ ಸಭೆಗಳ ದೊಡ್ಡ ಕೊಟ್ಟಿಗೆಗಳಿಗೆ ಬಂದಿದ್ದ ಕಾಲ ಅದು. ನೂರು ಜನ ಕೇಳುತ್ತಿದ್ದಲ್ಲಿ ಸಾವಿರ ಜನ ಸೇರಲಾರಂಭಿಸಿದರು. ಬಲವಾದ ಕಂಠವುಳ್ಳ ಗಾಯಕನ ಹಾಡು ಹೇಗೋ ಹಿಂದಿನವರೆಗೆ ಮುಟ್ಟುತ್ತಿತ್ತು. ಮೃದಂಗದ ಪೆಟ್ಟು ಮುಟ್ಟುತ್ತಿತ್ತು. ಆದರೆ ನಾಲ್ಕು ತಂತಿಯ ಪಿಟೀಲಿನ ಸಣ್ಣ ನಾದ ಮೊದಲ ಕೆಲವು ಸಾಲುಗಳನ್ನು ದಾಟುವುದರೊಳಗೆ ಗಾಳಿಯಲ್ಲಿ ಕರಗಿಹೋಗುತ್ತಿತ್ತು. ಚಪ್ಪರದ ಕಂಬಕ್ಕೆ ಒರಗಿ ನಿಂತ ರೈತನಿಗೆ, ಮಗುವನ್ನೆತ್ತಿಕೊಂಡು ಕೊನೆಯಲ್ಲಿ ಕುಳಿತ ತಾಯಿಗೆ ಪಿಟೀಲಿನವನ ಕೈ ಆಡುವುದು ಕಾಣುತ್ತಿತ್ತೇ ಹೊರತು ನಾದ ಕೇಳುತ್ತಿರಲಿಲ್ಲ.

ಯೂರೋಪಿನಲ್ಲಿ ಈ ಕೊರತೆಗೆ ಬೇರೆ ಪರಿಹಾರವುಂಟು. ಅಲ್ಲಿಯ ವಾದ್ಯವೃಂದದಲ್ಲಿ ಒಂದಲ್ಲ, ಹತ್ತಾರು ಪಿಟೀಲುಗಳು ಒಂದೇ ಸ್ವರವನ್ನು ನುಡಿಸುತ್ತವೆ. ಗಂಭೀರವಾದ ತಗ್ಗಿನ ನಾದಕ್ಕೆ ಪಿಟೀಲಿನ ಅಣ್ಣನಂತಿರುವ ವಯೋಲ ಎಂಬ ದೊಡ್ಡ ವಾದ್ಯವೇ ಬೇರೆ ಇದೆ. ನಮ್ಮ ಕಚೇರಿಯಲ್ಲಾದರೋ ಪಿಟೀಲು ಒಂದೇ, ವಾದಕನೂ ಒಬ್ಬನೇ. ಆ ಒಬ್ಬನೇ ಮೇಲಿನ ಸ್ಥಾಯಿಯ ಮಿಂಚನ್ನೂ ಕೆಳಗಿನ ಸ್ಥಾಯಿಯ ಗಾಂಭೀರ್ಯವನ್ನೂ ಸಾವಿರ ಜನಕ್ಕೆ ಉಣಬಡಿಸಬೇಕು.

ಚೌಡಯ್ಯನವರು ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾಗಿಯೂ ಧೈರ್ಯದಿಂದಲೂ ಕೂಡಿತ್ತು. ೧೯೨೦ರ ದಶಕದ ಕೊನೆಯ ಭಾಗದಲ್ಲಿ ಅವರು ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿ, ಏಳು ತಂತಿಯ ಪಿಟೀಲನ್ನು ಸಿದ್ಧಪಡಿಸಿಕೊಂಡರು. ಹೆಚ್ಚಿನ ತಂತಿಗಳು ಮೂಲ ತಂತಿಗಳಿಗೆ ಜೊತೆಯಾಗಿ ನಿಂತುವು. ಬೆರಳು ಒತ್ತಿದಾಗ ಜೋಡಿ ತಂತಿಗಳೆರಡೂ ಒಟ್ಟಿಗೆ ನುಡಿದು, ನಾದವು ತುಂಬಿಕೊಂಡು ಹೊರಹೊಮ್ಮಿತು.

ಹೇಳುವುದು ಸುಲಭ, ಮಾಡುವುದು ಕಷ್ಟ. ತಂತಿಗಳು ಹೆಚ್ಚಿದರೆ ಬಿರಡೆಗಳೂ ಹೆಚ್ಚಬೇಕು. ಕುದುರೆಯ ಮೇಲೆ ಏಳು ತಂತಿಗಳಿಗೂ ಎಡೆ ಮಾಡಬೇಕು. ತೆಳುವಾದ ಮರದ ಹಲಗೆಯ ಮೇಲೆ ಬೀಳುವ ಬಿಗಿತವೂ ಹೆಚ್ಚುತ್ತದೆ. ಶ್ರುತಿ ಸೇರಿಸುವುದಕ್ಕೆ ಹಿಡಿಯುವ ಹೊತ್ತು ಹೆಚ್ಚು. ಸೆಕೆಗೆ, ತೇವಕ್ಕೆ ಒಂದು ತಂತಿ ಇಳಿದರೂ ಜೋಡಿ ಕೆಡುತ್ತದೆ. ಒಂದು ತಂತಿಯ ಮೇಲೆ ಬೆರಳು ಕೂದಲೆಳೆಯಷ್ಟು ತಪ್ಪಿದರೆ ಒಂದು ತಪ್ಪು. ಜೋಡಿ ತಂತಿಯ ಮೇಲೆ ತಪ್ಪಿದರೆ ಅದು ಇಮ್ಮಡಿಯಾಗಿ ಕೇಳುತ್ತದೆ. ಕಮಾನನ್ನು ಎರಡು ತಂತಿಗಳ ಮೇಲೂ ಸಮನಾಗಿ ಒತ್ತಬೇಕು, ಪಕ್ಕದ ಜೋಡಿಯನ್ನು ಸೋಕಬಾರದು. ಸ್ವರಶುದ್ಧಿಯನ್ನೇ ವ್ರತವಾಗಿ ಹಿಡಿದ ಗುರುವಿನ ಬಳಿ ಕಳೆದ ಎಂಟು ವರ್ಷಗಳ ಸಾಧನೆ ಇಲ್ಲದಿದ್ದರೆ ಈ ಪ್ರಯೋಗ ಮೊದಲ ದಿನವೇ ನಗೆಪಾಟಲಾಗುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ.

ಆಕ್ಷೇಪಗಳು ಬಾರದಿರಲಿಲ್ಲ. ಹಿರಿಯರು ಒಪ್ಪಿ ನಡೆಸಿಕೊಂಡು ಬಂದ ವಾದ್ಯಕ್ಕೆ ಕೈಹಾಕಿದುದು ಸರಿಯಲ್ಲವೆಂದು ಕೆಲವರು ಭಾವಿಸಿದರು. ನಾದ ದಪ್ಪವಾದಷ್ಟೂ ಅದರ ನಯ ಕಡಿಮೆಯಾಗುವುದೆಂದು ಕೆಲವರು ಶಂಕಿಸಿದರು. ಸಣ್ಣ ಕಂಠದ ಗಾಯಕನ ಪಕ್ಕದಲ್ಲಿ ಇಷ್ಟು ದೊಡ್ಡ ನಾದವಿದ್ದರೆ ಹಾಡೇ ಮುಚ್ಚಿಹೋಗುವುದೆಂಬ ಮಾತೂ ಇತ್ತು. ಈ ಆಕ್ಷೇಪಗಳಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ದ್ವಾರಂ ಅವರು ನಾಲ್ಕೇ ತಂತಿಗಳಲ್ಲಿ ಮಹಾ ಗಾಂಭೀರ್ಯವನ್ನು ತೋರಿಸಿದರೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಚೌಡಯ್ಯನವರು ವಾದಕ್ಕೆ ವಾದದಿಂದ ಉತ್ತರ ಕೊಡಲಿಲ್ಲ. ಕಚೇರಿಯಿಂದ ಕಚೇರಿಗೆ ವಾದನದಿಂದಲೇ ಉತ್ತರ ಕೊಟ್ಟರು. ಕೊನೆಯ ಸಾಲಿನಲ್ಲಿ ಕುಳಿತವನ ಕಿವಿಗೂ ನಾದ ಮುಟ್ಟಿತು. ಪಿಟೀಲನ್ನು ಕೇಳಲೆಂದೇ ಜನ ಬರುವಂತಾಯಿತು. ಬಿರುದಾವಳಿಗಿಂತ ಮೊದಲು ಅವರ ಪ್ರಯೋಗಕ್ಕೆ ಮುದ್ರೆಯೊತ್ತಿದವರು ಈ ಸಾಮಾನ್ಯ ಜನರೇ.

ಗೌರವಗಳು

ಅಂದಿನ ಮೈಸೂರು ಸಂಗೀತಕ್ಕೆ ತವರುಮನೆ. ನಾಲ್ವಡಿ ಕೃಷ್ಣರಾಜ ಒಡೆಯರು ಸ್ವತಃ ಹಲವು ವಾದ್ಯಗಳನ್ನು ಬಲ್ಲವರು. ಪೌರ್ವಾತ್ಯ ಪಾಶ್ಚಾತ್ಯ ಎಂಬ ಭೇದವಿಲ್ಲದೆ ಎರಡೂ ಸಂಗೀತಗಳಿಗೆ ಆಶ್ರಯ ಕೊಟ್ಟವರು. ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ, ಹರಿಕೇಶನಲ್ಲೂರು ಮುತ್ತಯ್ಯ ಭಾಗವತರಂಥವರು ಬೆಳಗಿದ ಆಸ್ಥಾನ ಅದು. ೧೯೩೩ರ ಅಕ್ಟೋಬರ್ ೨೮ರಂದು ಮೈಸೂರಿನ ಸಂತ ಫಿಲೋಮಿನಾ ದೇವಾಲಯಕ್ಕೆ ಅಡಿಗಲ್ಲನ್ನಿಟ್ಟ ಮಹಾರಾಜರೂ ಅವರೇ ಎಂಬುದನ್ನು ನಮ್ಮ ಓದುಗರು ಬಲ್ಲರು. ಅದೇ ಪ್ರಭುಗಳ ಕಾಲದಲ್ಲಿ, ೧೯೩೯ರಲ್ಲಿ, ಚೌಡಯ್ಯನವರು ಆಸ್ಥಾನ ವಿದ್ವಾಂಸರಾದರು. ಸಂಗೀತರತ್ನ ಎಂಬ ಬಿರುದು ಅವರ ಹೆಸರಿನೊಡನೆ ಬೆರೆತುಹೋಯಿತು. ತಿರುಮಕೂಡಲಿನ ರೈತಾಪಿ ಜನರ ನಡುವಿನಿಂದ ಹೊರಟ ಹುಡುಗ ಅರಮನೆಯ ದಸರಾ ದರ್ಬಾರನ್ನು ತನ್ನ ವಿದ್ಯೆಯ ಬಲದಿಂದಲೇ ಮುಟ್ಟಿದ.

೧೯೫೭ರಲ್ಲಿ ಮದರಾಸಿನ ಸಂಗೀತ ವಿದ್ವತ್ಸಭೆಯು ಅವರನ್ನು ಸಂಗೀತ ಕಲಾನಿಧಿ ಎಂಬ ಪ್ರಶಸ್ತಿಯಿಂದ ಗೌರವಿಸಿತು. ಕರ್ನಾಟಕ ಸಂಗೀತದಲ್ಲಿ ಅದಕ್ಕಿಂತ ದೊಡ್ಡ ಮನ್ನಣೆ ಇಲ್ಲವೆಂದೇ ಭಾವನೆ. ಆ ಗೌರವ ದ್ವಾರಂ ಅವರಿಗೆ ೧೯೪೧ರಲ್ಲಿ, ರಾಜಮಾಣಿಕ್ಯಂ ಪಿಳ್ಳೆಯವರಿಗೆ ೧೯೪೮ರಲ್ಲಿ ದೊರೆತಿತ್ತು. ಮೂವರು ದಿಗ್ಗಜರಲ್ಲಿ ಕೊನೆಯದಾಗಿ ನಮ್ಮವರನ್ನು ಅದು ಅರಸಿಕೊಂಡು ಬಂದಿತು. ತಡವಾಗಿ ಬಂದರೂ, ಪಕ್ಕದಲ್ಲಿ ಕುಳಿತು ದುಡಿದ ಕಲಾವಿದನೊಬ್ಬನು ಆ ವರ್ಷದ ಸಂಗೀತೋತ್ಸವದಲ್ಲಿ ಅಗ್ರಾಸನವನ್ನು ಪಡೆದನೆಂಬುದು ಪಕ್ಕವಾದ್ಯಗಾರರೆಲ್ಲರಿಗೂ ಸಂದ ಮರ್ಯಾದೆಯಾಯಿತು.

ಹೊಸದನ್ನು ಕಂಡರೆ ಹಿಂಜರಿಯದ ಚೌಡಯ್ಯನವರು ಚಲನಚಿತ್ರ ರಂಗಕ್ಕೂ ಕೈಹಾಕಿದರು. ೧೯೪೩ರಲ್ಲಿ ತೆರೆಕಂಡ ವಾಣಿ ಎಂಬ ಕನ್ನಡ ಚಿತ್ರದ ನಿರ್ಮಾಣದಲ್ಲಿ ಅವರ ಪಾತ್ರ ಹಿರಿದು. ಅದರ ನಿರ್ದೇಶಕರು ನಾಟಕರಂಗದ ಹೆಸರಾಂತ ಕಲಾವಿದರಾದ ಕೆ. ಹಿರಣ್ಣಯ್ಯನವರು. ಮುಂದೆ ಕನ್ನಡಿಗರ ಮನೆಮಾತಾದ ಪಂಢರೀಬಾಯಿಯವರು ಮೊದಲು ತೆರೆಯ ಮೇಲೆ ಕಾಣಿಸಿಕೊಂಡುದು ಈ ಚಿತ್ರದಲ್ಲಿಯೇ. ಶಾಸ್ತ್ರೀಯ ಸಂಗೀತವನ್ನು ಸಭಾಂಗಣದ ಹೊರಗಿನ ಜನರ ಬಳಿಗೂ ಒಯ್ಯಬೇಕೆಂಬ ಹಂಬಲವನ್ನು ಈ ಸಾಹಸದಲ್ಲಿಯೂ ನಾವು ಕಾಣುತ್ತೇವೆ. ಏಳು ತಂತಿಗಳನ್ನು ಕಟ್ಟಿಸಿದ ಹಂಬಲವೂ ಇದೇ ಅಲ್ಲವೇ?

ಅವರು ವಾಗ್ಗೇಯಕಾರರೂ ಆಗಿದ್ದರು. ತಾವು ರಚಿಸಿದ ಕೃತಿಗಳಿಗೆ ಅವರು ಇಟ್ಟುಕೊಂಡ ಅಂಕಿತ ತ್ರಿಮಕೂಟ. ರಾಜಧಾನಿಯಲ್ಲಿ ನೆಲೆಸಿದರೂ, ರಾಜಸಭೆಯಲ್ಲಿ ಮನ್ನಣೆ ಪಡೆದರೂ, ತಮ್ಮ ಹಾಡಿನ ಕೊನೆಗೆ ಅವರು ಬರೆದುದು ನದಿಗಳು ಕೂಡುವ ಹುಟ್ಟೂರಿನ ಹೆಸರನ್ನೇ.

ಗುರುವಾಗಿ ಚೌಡಯ್ಯನವರು

ವಿದ್ಯೆಯನ್ನು ಪಡೆದವನು ಅದನ್ನು ಹೂತಿಡಬಾರದು, ಬೆಳೆಸಿ ಹಂಚಬೇಕು. ಈ ತತ್ವವನ್ನು ಸುವಾರ್ತೆಯ ಸಾಮತಿಯೊಂದರಿಂದ ನಾವೆಲ್ಲರೂ ಬಲ್ಲೆವು. ಚೌಡಯ್ಯನವರು ತಮ್ಮ ಬದುಕಿನಲ್ಲಿ ಅದನ್ನು ನಡೆಸಿ ತೋರಿಸಿದರು. ಊರೂರು ಸುತ್ತುವ ಕಚೇರಿಗಳ ನಡುವೆಯೂ ಅವರು ಶಿಷ್ಯರಿಗೆ ಪಾಠ ಹೇಳಿದರು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿ, ಗುರುಕುಲದ ವಿದ್ಯೆಗೆ ಶಾಲೆಯ ರೂಪವನ್ನೂ ಕೊಟ್ಟರು. ಗುರುವಿನ ಮನೆಯ ಬಾಗಿಲಲ್ಲಿ ನಿಂತು ಕಾಯುವ ಭಾಗ್ಯವಿಲ್ಲದ ಮಕ್ಕಳಿಗೂ ಇಂಥ ಶಾಲೆಗಳಿಂದ ಸಂಗೀತ ದೊರೆಯುವಂತಾಯಿತು. ಮನೆತನದ ಆಸ್ತಿಯಾಗಿ ಸಂಗೀತವನ್ನು ಪಡೆಯದಿದ್ದವರೊಬ್ಬರು ಶಾಲೆಯನ್ನು ತೆರೆದರೆಂಬುದರ ಅರ್ಥವನ್ನು ನಾವು ಸುಲಭವಾಗಿ ಊಹಿಸಬಲ್ಲೆವು.

ಅವರ ಶಿಷ್ಯರಲ್ಲಿ ವಿ. ಸೇತುರಾಮಯ್ಯನವರು ಕನ್ನಡ ನಾಡಿನ ಹಿರಿಯ ಪಿಟೀಲು ವಿದ್ವಾಂಸರೆನಿಸಿದರು. ತಮಿಳು ನಾಡಿನಿಂದ ಬಂದು ಅವರ ಬಳಿ ಕಲಿತ ಕಂಡದೇವಿ ಅಳಗಿರಿಸ್ವಾಮಿಯವರು ಮುಂದೆ ಎಂ. ಎಸ್. ಸುಬ್ಬುಲಕ್ಷ್ಮಿಯವರ ಕಚೇರಿಗಳಿಗೆ ಪಕ್ಕವಾದ್ಯ ನುಡಿಸಿ ಕೀರ್ತಿ ಪಡೆದರು. ಸಂಗೀತ ಕಲಿಯಲು ಕಾವೇರಿಯ ಕೆಳದಂಡೆಗೆ ಹೋಗುವುದು ವಾಡಿಕೆಯಾಗಿದ್ದ ಕಾಲದಲ್ಲಿ, ಕೆಳದಂಡೆಯ ನಾಡಿನಿಂದ ಕಾವೇರಿಯ ಮೇಲ್ದಂಡೆಗೆ ಶಿಷ್ಯರು ಬಂದರು. ರುದ್ರಪಟ್ಟಣದ ಆರ್. ಆರ್. ಕೇಶವಮೂರ್ತಿಯವರು ಏಳು ತಂತಿಯ ಪಿಟೀಲನ್ನೇ ಹಿಡಿದು, ೨೦೦೬ರಲ್ಲಿ ಕಾಲವಾಗುವವರೆಗೂ ಆ ದಾರಿಯನ್ನು ಉಳಿಸಿಕೊಂಡು ಬಂದರು.

ಕೊನೆಯ ದಿನಗಳು ಮತ್ತು ನೆನಪು

೧೯೬೭ರ ಜನವರಿ ೧೯ರಂದು ಚೌಡಯ್ಯನವರು ಕಾಲವಾದರು. ಆಗ ಅವರಿಗೆ ಎಪ್ಪತ್ತೆರಡು ವರ್ಷ. ಅದಾದ ನಾಲ್ಕೇ ದಿನಗಳಲ್ಲಿ, ಜನವರಿ ೨೩ರಂದು, ಅವರು ಎಷ್ಟೋ ಬಾರಿ ಪಕ್ಕದಲ್ಲಿ ಕುಳಿತು ನುಡಿಸಿದ ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರೂ ತೀರಿಕೊಂಡರು. ಮೊದಲು ಗಾಯಕ, ಹಿಂದೆ ಪಿಟೀಲು ಎಂಬ ಕಚೇರಿಯ ಕ್ರಮ ಆ ಒಂದು ವಾರದಲ್ಲಿ ತಿರುಗುಮುರುಗಾಯಿತು. ಸಂಗೀತ ಪ್ರಪಂಚದಲ್ಲಿ ಒಂದು ಯುಗವೇ ಮುಗಿದಂತಾಯಿತು.

ಬೆಂಗಳೂರಿನಲ್ಲಿ ಕೆ. ಕೆ. ಮೂರ್ತಿಯವರ ಪ್ರಯತ್ನದಿಂದ ಚೌಡಯ್ಯನವರ ಹೆಸರಿನಲ್ಲಿ ಸ್ಮಾರಕ ಭವನವೊಂದು ನಿರ್ಮಾಣವಾಗಿ ೧೯೮೦ರಲ್ಲಿ ಸಂಗೀತಕ್ಕೆ ತೆರೆಯಿತು. ಆ ಕಟ್ಟಡದ ಆಕಾರವೇ ಏಳು ತಂತಿಯ ಪಿಟೀಲು. ಸಾವಿರಕ್ಕೂ ಹೆಚ್ಚು ಜನ ಅಲ್ಲಿ ಕುಳಿತು ಸಂಗೀತ ಕೇಳಬಹುದು. ಸಂಗೀತಗಾರರೊಬ್ಬರ ವಾದ್ಯವೇ ಸಭಾಭವನವಾಗಿ ನಿಂತಿರುವುದು ಅಪರೂಪ. ಬೆಂಗಳೂರಿಗೆ ಹೋದ ನಮ್ಮ ಯುವಕರು ಆ ಭವನದ ಮುಂದೆ ಹಾದುಹೋಗುವಾಗ, ಆ ಹೆಸರು ತಮ್ಮ ನೆರೆಯ ಊರಿನದೆಂಬುದನ್ನು ಮರೆಯದಿರಲಿ.

ಏಳು ತಂತಿಯ ಪಿಟೀಲು ಇಂದು ಅಪರೂಪವಾಗಿದೆ. ಧ್ವನಿವರ್ಧಕ ಬಂದಮೇಲೆ ನಾಲ್ಕು ತಂತಿಯ ನಾದವೇ ಎಷ್ಟು ದೂರಕ್ಕಾದರೂ ಹೋಗುವಂತಾಯಿತು. ಏಳರ ಶ್ರಮವನ್ನು ಹೊರಲು ಹೆಚ್ಚು ಮಂದಿ ಮುಂದೆ ಬರಲಿಲ್ಲ. ಹಾಗಾದರೆ ಚೌಡಯ್ಯನವರ ಪ್ರಯೋಗ ವ್ಯರ್ಥವಾಯಿತೇ? ಹಾಗೆ ನಾವು ಭಾವಿಸುವುದಿಲ್ಲ. ಯಂತ್ರವು ಬರುವುದಕ್ಕೆ ಮುಂಚೆ, ಕೊನೆಯ ಸಾಲಿನಲ್ಲಿ ಕುಳಿತವನಿಗೂ ಸಂಗೀತದಲ್ಲಿ ಪಾಲಿದೆಯೆಂದು ಒಬ್ಬ ಕಲಾವಿದರು ಚಿಂತಿಸಿದರು. ಅವನಿಗಾಗಿ ತಮ್ಮ ವಾದ್ಯವನ್ನೇ ಬದಲಾಯಿಸಿದರು. ಬದಲಾಯಿಸಿದ ವಾದ್ಯಕ್ಕೆ ತಕ್ಕಂತೆ ತಮ್ಮ ಬೆರಳುಗಳನ್ನು ಮತ್ತೆ ಪಳಗಿಸಿಕೊಂಡರು. ತಂತಿಗಳ ಎಣಿಕೆ ಕಾಲಕ್ಕೆ ತಕ್ಕಂತೆ ಹೆಚ್ಚುತ್ತದೆ, ಕಡಿಮೆಯಾಗುತ್ತದೆ. ಆ ಕಾಳಜಿ ಮಾತ್ರ ಹಳೆಯದಾಗುವುದಿಲ್ಲ.

ನಮ್ಮ ಧರ್ಮಸಭೆಯಲ್ಲಿಯೂ ಒಂದು ಕಾಲದಲ್ಲಿ ಪೂಜೆಯ ಭಾಷೆ ಲತೀನ್ ಆಗಿತ್ತು. ಕೊನೆಯ ಸಾಲಿನಲ್ಲಿ ಮೊಣಕಾಲೂರಿದ ಭಕ್ತರಿಗೆ ಅದರ ಅರ್ಥ ದಕ್ಕುತ್ತಿರಲಿಲ್ಲ. ೧೯೬೩ರ ಡಿಸೆಂಬರ್ ೪ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಹೊರಡಿಸಿದ ದೈವಾರಾಧನೆಯ ಶಾಸನವು ಜನರ ಭಾಷೆಗೆ ಬಾಗಿಲು ತೆರೆಯಿತು. ಆಯಾ ನಾಡಿನ ಸಂಗೀತ ಪರಂಪರೆಗೆ ಆರಾಧನೆಯಲ್ಲಿ ತಕ್ಕ ಗೌರವ ಸಲ್ಲಬೇಕೆಂದೂ ಹೇಳಿತು. ಇಂದು ನಾವು ಕನ್ನಡದಲ್ಲಿ ಪೂಜೆಯನ್ನು ಕೇಳುತ್ತೇವೆ, ಕನ್ನಡದ ಗೀತೆಗಳನ್ನು ಹಾಡುತ್ತೇವೆ. ಆ ಗೀತೆಗಳಲ್ಲಿ ನಮ್ಮ ನೆಲದ ರಾಗಗಳು ಇನ್ನೂ ಶುದ್ಧವಾಗಿ ಮೊಳಗಬೇಕಾದರೆ ನಮ್ಮ ಮಕ್ಕಳು ಸಂಗೀತವನ್ನು ಶಿಸ್ತಿನಿಂದ ಕಲಿಯಬೇಕು. ವಾರಕ್ಕೊಮ್ಮೆ ಗಾನವೃಂದದಲ್ಲಿ ನಿಂತರೆ ಸಾಲದು. ಬೆಳಗಿನ ಜಾವದ ಸಾಧನೆ ಬೇಕು. ಬಡತನ, ಹಳ್ಳಿಯ ಹುಟ್ಟು, ಮನೆಯಲ್ಲಿ ಸಂಗೀತವಿಲ್ಲದಿರುವುದು ಇವಾವುವೂ ಅಡ್ಡಿಯಲ್ಲವೆಂಬುದಕ್ಕೆ ಸಂಗಮದ ದಡದ ಈ ಹುಡುಗನ ಜೀವನವೇ ಸಾಕ್ಷಿ.

ಶತಮಾನವನ್ನು ಪೂರೈಸಿದ ನಮ್ಮ ದೇವಾಲಯದ ಮುಂದಿನ ದಿನಗಳಲ್ಲಿ, ಕಪಿಲೆ ಕಾವೇರಿಗಳ ನಡುವಿನ ನಮ್ಮ ಮನೆಗಳಿಂದ ಪಿಟೀಲನ್ನು ಕೈಗೆತ್ತಿಕೊಳ್ಳುವ ಮಕ್ಕಳು ಹೊರಬರಲಿ. ತಾವು ಮುಂದೆ ಕುಳಿತರೂ ಸರಿ, ಪಕ್ಕದಲ್ಲಿ ಕುಳಿತರೂ ಸರಿ, ಅವರ ನಾದ ಎಲ್ಲರಿಗಿಂತ ಹಿಂದೆ ಕುಳಿತವರ ಕಿವಿಯನ್ನು ಮುಟ್ಟಲಿ. ಸಂಗೀತರತ್ನ ಚೌಡಯ್ಯನವರ ಸ್ಮರಣೆಗೆ ನಮ್ಮ ಧರ್ಮಕೇಂದ್ರದ ಎಲ್ಲರ ಪರವಾಗಿ ಗೌರವಪೂರ್ವಕ ವಂದನೆಗಳು.